ನಾಲ್ಕು ಸುತ್ತು, ಏಳು ವರ್ಷ, 32 ಸೆಕೆಂಡ್

ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಯ ನೋಟಿಫಿಕೇಶನ್ ಬಂತೆಂದರೆ ನಮ್ಮ ಕಡೆ ಊರ ಹೊರಗಿನ ರಸ್ತೆಗಳು ಬೆಳಗಿನ ಐದಕ್ಕೇ ಎದ್ದು ಕೂರುತ್ತವೆ. ಹುಡುಗರು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಓಡುತ್ತಾರೆ. ಗುರಿ 1600 ಮೀಟರ್, 6 ನಿಮಿಷ 30 ಸೆಕೆಂಡ್. ಸೇನೆಯ ಅಗ್ನಿವೀರ್ ಭರ್ತಿಗೆ ಹೋಗುವವರ ಲೆಕ್ಕ ಇನ್ನೂ ಬಿಗಿ. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡ್ ಒಳಗೆ ಮುಗಿಸಿದರೆ ಮಾತ್ರ ಓಟದ ಪೂರ್ತಿ ಅಂಕ.

ಈ 1600 ಮೀಟರ್ ಹೆಚ್ಚುಕಡಿಮೆ ಒಂದು ಮೈಲಿ. ಸರಿಯಾಗಿ ಹೇಳಬೇಕೆಂದರೆ ಮೈಲಿಗೆ 1609 ಮೀಟರ್, ನಮ್ಮ ಹುಡುಗರು ಓಡುವುದು ಒಂಬತ್ತು ಮೀಟರ್ ಕಮ್ಮಿ. ಮೈದಾನದಲ್ಲಾದರೆ ನಾಲ್ಕು ಸುತ್ತು. ಇದೇ ನಾಲ್ಕು ಸುತ್ತಿನ ಮೇಲೆ ಎಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡ್‌ನ ಒಬ್ಬ ಮೆಡಿಕಲ್ ವಿದ್ಯಾರ್ಥಿ ತಲೆ ಕೆಡಿಸಿಕೊಂಡಿದ್ದ. ಹೆಸರು ರೋಜರ್ ಬ್ಯಾನಿಸ್ಟರ್. 1954ರ ಮೇ 6ರಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲ ಮನುಷ್ಯ ಆತ.

ಬ್ಯಾನಿಸ್ಟರ್ ಕತೆ ನಿಮಗೆ ವಾಟ್ಸ್‌ಆಪ್‌ನಲ್ಲಿ ಬಂದಿರುತ್ತದೆ. ಕೋಚಿಂಗ್ ಸೆಂಟರ್‌ಗಳಲ್ಲಿ ಭಾಷಣ ಮಾಡುವವರಿಗಂತೂ ಬಹಳ ಪ್ರೀತಿಯ ಕತೆ. "ಮನುಷ್ಯನಿಂದ ಆಗದು ಅಂತ ಇಡೀ ಲೋಕ ನಂಬಿತ್ತು, ಇವನೊಬ್ಬ ನಂಬಲಿಲ್ಲ, ಓಡಿ ತೋರಿಸಿದ, ಅವನು ತೋರಿಸಿದ ಮೇಲೆ ಒಂದೇ ವರ್ಷದಲ್ಲಿ ನೂರಾರು ಜನ ಓಡಿದರು, ಎಲ್ಲ ಮನಸ್ಸಿನಲ್ಲಿದೆ" ಅಂತ ಆ ಕತೆ. ಕೇಳಲು ಚೆನ್ನ. ಆದರೆ ನಡೆದದ್ದು ಹಾಗಲ್ಲ, ಮತ್ತು ನಡೆದದ್ದರಲ್ಲೇ ಓಡುವವರಿಗೆ ಹೆಚ್ಚು ಉಪಯೋಗವಿದೆ ಎಂದು ನಮಗನಿಸುತ್ತದೆ.

ಮೊದಲು ಆ "ನೂರಾರು ಜನ" ನೋಡೋಣ. ಬ್ಯಾನಿಸ್ಟರ್ ಆದ 46 ದಿನಕ್ಕೆ, ಜೂನ್ 21ರಂದು, ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಫಿನ್‌ಲೆಂಡ್‌ನ ತುರ್ಕು ಊರಿನಲ್ಲಿ ನಾಲ್ಕರೊಳಗೆ ಓಡಿದ, ದಾಖಲೆಯನ್ನೂ ಕಿತ್ತುಕೊಂಡ. ಅದಾದ ಮೇಲೆ ಮೂರನೆಯವನು ಸಿಗಬೇಕಾದರೆ 1955ರ ಮೇ ಕೊನೆಯವರೆಗೆ ಕಾಯಬೇಕಾಯಿತು. ಆವತ್ತು ಲಂಡನ್ನಿನಲ್ಲಿ ಒಂದೇ ಓಟದಲ್ಲಿ ಮೂವರು ನಾಲ್ಕರೊಳಗೆ ಬಂದರು. ಅಂದರೆ ಒಂದು ವರ್ಷ ಕಳೆದ ಮೇಲೂ ಒಟ್ಟು ಐದು ಜನ. ಇಡೀ ಜಗತ್ತಿಗೆ ಐದು.

ಇನ್ನು "ಆಗದು ಅಂತ ಲೋಕ ನಂಬಿತ್ತು" ಎಂಬ ಮಾತು. ಹಾಗೆ ನಂಬಿದ್ದರೆ ಮೂರು ಖಂಡಗಳಲ್ಲಿ ಮೂವರು ಒಂದೇ ಹೊತ್ತಿಗೆ ಅದರ ಬೆನ್ನು ಹತ್ತುತ್ತಿರಲಿಲ್ಲ. ಇಂಗ್ಲೆಂಡ್‌ನಲ್ಲಿ ಬ್ಯಾನಿಸ್ಟರ್, ಆಸ್ಟ್ರೇಲಿಯಾದಲ್ಲಿ ಲ್ಯಾಂಡಿ, ಅಮೆರಿಕದ ಕ್ಯಾನ್ಸಸ್‌ನಲ್ಲಿ ವೆಸ್ ಸ್ಯಾಂಟೀ. ಅವರಿಗಿಂತ ಮುಂಚೆಯೇ ಸ್ವೀಡನ್ ದೇಶದ ಗುಂಡರ್ ಹೇಗ್, ಆರ್ನೆ ಆಂಡರ್ಸನ್ ಎಂಬಿಬ್ಬರು ಯುದ್ಧದ ವರ್ಷಗಳಲ್ಲಿ ಒಬ್ಬರ ದಾಖಲೆ ಇನ್ನೊಬ್ಬರು ಮುರಿಯುತ್ತಾ 4 ನಿಮಿಷ 6 ಸೆಕೆಂಡಿನಿಂದ 1945ರ ಹೊತ್ತಿಗೆ 4 ನಿಮಿಷ 1.4 ಸೆಕೆಂಡಿಗೆ ಇಳಿಸಿಟ್ಟಿದ್ದರು. ಉಳಿದದ್ದು ಒಂದೂವರೆ ಸೆಕೆಂಡ್. ಒಂದೂವರೆ ಸೆಕೆಂಡನ್ನು ಯಾವ ಓಟಗಾರನೂ ಬೆಟ್ಟ ಎಂದುಕೊಳ್ಳುವುದಿಲ್ಲ. ಆದರೂ ಅದನ್ನು ದಾಟಲು ಒಂಬತ್ತು ವರ್ಷ ಹಿಡಿಯಿತು.

ಅದಕ್ಕೆ ಒಂದು ಕಾರಣವನ್ನು ಭಾಷಣದವರು ಹೇಳುವುದಿಲ್ಲ. ಹೇಗ್ ಮತ್ತು ಆಂಡರ್ಸನ್ ಇಬ್ಬರನ್ನೂ 1946ರಲ್ಲಿ ಓಟದಿಂದಲೇ ಹೊರಹಾಕಲಾಯಿತು. ತಪ್ಪು ಏನು? ಓಡಿದ್ದಕ್ಕೆ ದುಡ್ಡು ತೆಗೆದುಕೊಂಡಿದ್ದರು.

ಆಗಿನ ಕಾಲಕ್ಕೆ ಅಥ್ಲೆಟಿಕ್ಸ್ ಎಂದರೆ ಅಮೆಚೂರ್‌ಗಳದ್ದು, ಅಂದರೆ ಓಟದಿಂದ ಒಂದು ಪೈಸೆಯನ್ನೂ ಸಂಪಾದಿಸದವರದ್ದು. ನಿಯಮ ಕೇಳಲು ಬಹಳ ಪವಿತ್ರವಾಗಿದೆ. ಅದರ ಬೇರು ಮಾತ್ರ ಅಷ್ಟು ಪವಿತ್ರವಲ್ಲ. 1866ರಲ್ಲಿ ಲಂಡನ್ನಿನಲ್ಲಿ ಶುರುವಾದ ಅಮೆಚೂರ್ ಅಥ್ಲೆಟಿಕ್ ಕ್ಲಬ್ ತನ್ನ ನಿಯಮದಲ್ಲಿ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಕಾರ ಇವರಿಗೆಲ್ಲ ಜಾಗವಿಲ್ಲ ಎಂದು ಬಾಗಿಲು ಹಾಕಿತ್ತು. ಕೈಕೆಸರು ಮಾಡಿಕೊಂಡು ಬದುಕುವವನು ದೊಡ್ಡವರ ಮಕ್ಕಳ ಜೊತೆ ಓಡಬಾರದು, ಅಷ್ಟೇ. 1880ರಲ್ಲಿ ಬಂದ ಹೊಸ ಸಂಸ್ಥೆ ಆ ಸಾಲನ್ನು ತೆಗೆಯಿತು. ದುಡ್ಡಿನ ನಿಯಮ ಉಳಿಯಿತು. ಮನೆಯಲ್ಲಿ ಇದ್ದವನಿಗೆ ದುಡ್ಡು ಬೇಡ ಎನ್ನುವುದು ಸುಲಭ. ಹೇಗ್ ಬಂದದ್ದು ಕಾಡಿನಲ್ಲಿ ಮರ ಕಡಿಯುವವರ ಮನೆಯಿಂದ. ಸ್ಯಾಂಟೀ ದನ ಕಾಯುವ ಸೀಮೆಯ ಹುಡುಗ. ಅವನನ್ನೂ 1956ರಲ್ಲಿ ಖರ್ಚಿನ ಹಣ ಮಿತಿಗಿಂತ ಹೆಚ್ಚು ಪಡೆದ ಎಂದು ಹೊರಗಿಟ್ಟರು. ಅವನ ಅತ್ಯುತ್ತಮ ಸಮಯ 4 ನಿಮಿಷ 0.5 ಸೆಕೆಂಡ್. ಅರ್ಧ ಸೆಕೆಂಡ್ ಉಳಿದೇ ಹೋಯಿತು.

ಈ ಮಾತು ಬಂದಾಗ ನಮ್ಮವರೊಬ್ಬರನ್ನೂ ನೆನೆಯಬೇಕು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿ ಕಡೆಯ ಯುವಕರು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ದೊರಾಬ್ಜಿ ಟಾಟಾ ಕಂಡರು. ಯುರೋಪಿನವರ ಸಮಯಕ್ಕೆ ಇವರ ಸಮಯ ಹತ್ತಿರವೇ ಇದೆ ಎಂದು ಅವರಿಗೆ ಹೊಳೆಯಿತು. ಆ ಯೋಚನೆಯಿಂದ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಒಂದು ಪುಟ್ಟ ತಂಡ ಹೋಯಿತು. ಅದರಲ್ಲಿದ್ದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಮ್ಯಾರಥಾನ್‌ನಲ್ಲಿ 2 ಗಂಟೆ 50 ನಿಮಿಷ 45 ಸೆಕೆಂಡ್, 19ನೇ ಸ್ಥಾನ. ಗೆದ್ದ ಫಿನ್‌ಲೆಂಡ್‌ನ ಹಾನೆಸ್ ಕೊಲೆಹ್ಮೈನೆನ್‌ಗಿಂತ ಸುಮಾರು 18 ನಿಮಿಷ ಹಿಂದೆ. ಆ ಸಲದ ದಾರಿ ಇವತ್ತಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರ್ ಹೆಚ್ಚೇ ಇತ್ತು ಎಂಬುದು ನೆನಪಿರಲಿ.

ಬ್ಯಾನಿಸ್ಟರ್‌ಗೆ ಬರೋಣ. ಆತ ಶ್ರೀಮಂತನೇನಲ್ಲ, ಆದರೆ ಓದಿದ್ದು ಆಕ್ಸ್‌ಫರ್ಡ್‌ನಲ್ಲಿ. 1946ರಲ್ಲಿ 17ನೇ ವಯಸ್ಸಿಗೆ ಅಲ್ಲಿ ಸೇರುವವರೆಗೆ ಮೊಳೆಯ ಶೂ ಹಾಕಿದವನಲ್ಲ, ಟ್ರ್ಯಾಕ್ ಮೇಲೆ ಓಡಿದವನೂ ಅಲ್ಲ. 1947ರ ಮಾರ್ಚ್‌ನಲ್ಲಿ ಕೇಂಬ್ರಿಡ್ಜ್ ವಿರುದ್ಧದ ಮೈಲಿ ಓಟದಲ್ಲಿ ತಂಡದ ಮೂರನೇ ಓಟಗಾರನಾಗಿ ಇಳಿದು, ಮುಂದಿನವರಿಗೆ ವೇಗ ಹಾಕಿಕೊಡಬೇಕಿದ್ದವನು ತಾನೇ ಗೆದ್ದ. ಸಮಯ 4 ನಿಮಿಷ 30.8 ಸೆಕೆಂಡ್.

ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. 1949ರಲ್ಲಿ ಅದು 4:11.1 ಆಯಿತು. 1951ರಲ್ಲಿ 4:07.8. 1953ರಲ್ಲಿ 4:03.6, ಮುಂದೆ 4:02. 1954ರ ಮೇನಲ್ಲಿ 3:59.4, ಆಗಸ್ಟ್‌ನಲ್ಲಿ 3:58.8. ಏಳು ವರ್ಷಕ್ಕೆ ಇಳಿದದ್ದು 32 ಸೆಕೆಂಡ್. ಅದರಲ್ಲಿ ಹತ್ತೊಂಬತ್ತು ಚಿಲ್ಲರೆ ಸೆಕೆಂಡ್ ಮೊದಲ ಎರಡು ವರ್ಷದಲ್ಲೇ ಇಳಿಯಿತು. ಉಳಿದ ಹನ್ನೆರಡಕ್ಕೆ ಐದು ವರ್ಷ. ಓಡುವವರಿಗೆ ಇದು ಗೊತ್ತು. ಮೊದಲ ಎರಡು ತಿಂಗಳಲ್ಲಿ 8 ನಿಮಿಷದಿಂದ 7ಕ್ಕೆ ಬರುತ್ತೀರಿ, ಆಮೇಲೆ ಹತ್ತು ಸೆಕೆಂಡ್ ಇಳಿಸಲು ಹೆಣಗಾಡುತ್ತೀರಿ. ನಿಮ್ಮ ಕಾಲು ಕೆಟ್ಟಿಲ್ಲ, ಲೆಕ್ಕವೇ ಹಾಗೆ.

1948ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆದಾಗ ಬ್ಯಾನಿಸ್ಟರ್ ತಾನಿನ್ನೂ ತಯಾರಿಲ್ಲ ಎಂದು ಹಿಂದೆ ಸರಿದು, ತಂಡದ ಮುಖ್ಯಸ್ಥರಿಗೆ ಸಹಾಯಕನಾಗಿ ಓಡಾಡಿಕೊಂಡಿದ್ದ. 19 ವರ್ಷದವನು ಮನೆ ಬಾಗಿಲಿಗೆ ಬಂದ ಒಲಿಂಪಿಕ್ಸನ್ನು ಬಿಡುವುದೆಂದರೆ ಸಣ್ಣ ಮಾತಲ್ಲ. ಗುರಿ 1952 ಎಂದು ಇಟ್ಟುಕೊಂಡ. ಹೆಲ್ಸಿಂಕಿಯಲ್ಲಿ 1500 ಮೀಟರ್ ಚಿನ್ನ ಗೆಲ್ಲುವುದು, ಶೂ ಬಿಚ್ಚಿಡುವುದು, ಡಾಕ್ಟರ್ ಆಗುವುದು.

ಆತನ ತಯಾರಿಯೂ ವಿಚಿತ್ರ. ಕೋಚ್ ಇಲ್ಲ. ರೇಸ್‌ಗಳಿಂದ ದೂರ. ದಿನಕ್ಕೆ ಅರ್ಧ ಗಂಟೆ ಅಭ್ಯಾಸ. ಹೆಲ್ಸಿಂಕಿಗೆ ಹೋಗುವ ಸ್ವಲ್ಪ ಮುಂಚೆ ಮುಕ್ಕಾಲು ಮೈಲಿಯನ್ನು 2 ನಿಮಿಷ 52.9 ಸೆಕೆಂಡಿಗೆ ಓಡಿ ನೋಡಿದ, ಬೆಂಕಿಯಂಥ ಸಮಯ. ಎಲ್ಲ ಸರಿಯಿತ್ತು. ಆಗ ಬಂತು ಸುದ್ದಿ: ಸ್ಪರ್ಧಿಗಳು ಹೆಚ್ಚಿರುವುದರಿಂದ ಮಧ್ಯೆ ಒಂದು ಸೆಮಿಫೈನಲ್ ಸೇರಿಸಲಾಗಿದೆ. ಎರಡು ಓಟಕ್ಕೆ ತಯಾರಾದ ದೇಹ ಮೂರು ದಿನ ಮೂರು ಓಟ ಓಡಬೇಕು. ಫೈನಲ್‌ನಲ್ಲಿ ನಾಲ್ಕನೇ ಸ್ಥಾನ. ಗೆದ್ದದ್ದು ಯಾರೂ ಎಣಿಸದ ಲಕ್ಸೆಂಬರ್ಗ್‌ನ ಜೋಸಿ ಬಾರ್ಥೆಲ್. ಬ್ರಿಟಿಷ್ ಪತ್ರಿಕೆಗಳು ಬ್ಯಾನಿಸ್ಟರ್‌ನನ್ನು ಹುರಿದು ಮುಕ್ಕಿದವು. ನಾಲ್ಕನೆಯವನಾಗಿ ಬಂದಾಗಲೂ ಆತ ಬ್ರಿಟನ್ನಿನ 1500 ಮೀಟರ್ ದಾಖಲೆ ಮುರಿದಿದ್ದ. ಆದರೆ ಪದಕ ಇಲ್ಲದವನ ಸಮಯವನ್ನು ಯಾವ ಪತ್ರಿಕೆ ಬರೆಯುತ್ತದೆ? ಪತ್ರಕರ್ತರಾದ ನಮಗೇ ಇದು ಚೆನ್ನಾಗಿ ಗೊತ್ತು.

ಆಮೇಲೆ ಸುಮಾರು ಎರಡು ತಿಂಗಳು ಆತ ಓಟ ಬಿಡಲೋ ಬೇಡವೋ ಎಂದು ತೂಗಿದ. ಗೆದ್ದಿದ್ದರೆ ಬಿಟ್ಟೇಬಿಡುತ್ತಿದ್ದ. ಸೋತಿದ್ದರಿಂದ ಉಳಿದ. ಮುಂದಿನ ಒಲಿಂಪಿಕ್ಸ್ 1956ಕ್ಕೆ, ಅಷ್ಟರಲ್ಲಿ ಆಸ್ಪತ್ರೆ ಕೆಲಸ ಸೇರಿರಬೇಕು. ಆದ್ದರಿಂದ ಪದಕದ ಗುರಿ ಬಿಟ್ಟು ಗಡಿಯಾರದ ಗುರಿ ಹಿಡಿದ: ನಾಲ್ಕು ನಿಮಿಷದೊಳಗೆ ಮೈಲಿ. ಪದಕಕ್ಕೆ ಎದುರಾಳಿಗಳು ಬೇಕು, ದಿನಾಂಕ ಬೇರೆಯವರ ಕೈಯಲ್ಲಿ. ಗಡಿಯಾರಕ್ಕೆ ಅದು ಬೇಡ. ಅವನ ಇಡೀ ಕತೆಯ ತಿರುವು ಇದೇ ಎಂದು ನಮ್ಮ ಅಭಿಪ್ರಾಯ, ಮೇ 6 ಅಲ್ಲ.

ಗುರಿ ಬದಲಾದ ಮೇಲೆ ದಾರಿಯೂ ಬದಲಾಯಿತು. ಒಂಟಿಯಾಗಿ ಓಡುತ್ತಿದ್ದವನು ಜೊತೆ ಹುಡುಕಿಕೊಂಡ. ಕ್ರಿಸ್ ಬ್ರಾಷರ್, ಕ್ರಿಸ್ ಚಾಟವೇ ಎಂಬ ಇಬ್ಬರು ಗೆಳೆಯರು, ಅವರ ಕೋಚ್ ಫ್ರಾಂಜ್ ಸ್ಟಾಂಪ್ಲ್ ಎಂಬ ಆಸ್ಟ್ರಿಯಾದವರು. ಬ್ಯಾನಿಸ್ಟರ್ ಆಗ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹತ್ತಿರದ ಪ್ಯಾಡಿಂಗ್ಟನ್ ಟ್ರ್ಯಾಕಿಗೆ ಹೋಗುವುದು, ಓಡುವುದು, ವಾಪಸ್ ವಾರ್ಡಿಗೆ. ಇಷ್ಟೇ ಸಮಯ.

1953ರ ಡಿಸೆಂಬರ್‌ನಿಂದ ಅವರು ಹಿಡಿದ ಅಭ್ಯಾಸ ಬಹಳ ಸರಳ. ಕಾಲು ಮೈಲಿ ಓಡುವುದು, ಎರಡು ನಿಮಿಷ ಬಿಡುವು, ಮತ್ತೆ ಕಾಲು ಮೈಲಿ. ಹೀಗೆ ಹತ್ತು ಸಲ. ಒಂದೊಂದು ನಿಮಿಷದಂತೆ ಹತ್ತು ಓಟ, ನಡುವೆ ಎರಡೆರಡು ನಿಮಿಷದ ಒಂಬತ್ತು ಬಿಡುವು, ಒಟ್ಟು 28 ನಿಮಿಷ. ಊಟದ ಬಿಡುವಿನಲ್ಲಿ ಮುಗಿಯುತ್ತದೆ. ಮೈಲಿಗೆ ನಾಲ್ಕು ನಿಮಿಷ ಎಂದರೆ ಕಾಲು ಮೈಲಿಗೆ 60 ಸೆಕೆಂಡ್. ದೊಡ್ಡ ಗುರಿಯನ್ನು ಒಡೆದು ಒಂದು ಸುತ್ತಿನ ಗುರಿ ಮಾಡಿಕೊಂಡರು. ಡಿಸೆಂಬರ್‌ನಲ್ಲಿ ಹತ್ತು ಸುತ್ತಿನ ಸರಾಸರಿ 66 ಸೆಕೆಂಡ್. ಚಳಿಗಾಲ ಕಳೆಯುತ್ತಾ ಇಳಿಯುತ್ತಾ ಏಪ್ರಿಲ್ ಹೊತ್ತಿಗೆ 61.

ಅಲ್ಲಿ ನಿಂತುಬಿಟ್ಟಿತು. ಎಷ್ಟು ತಿಣುಕಿದರೂ 61. ಅರವತ್ತಕ್ಕೆ ಬರುತ್ತಲೇ ಇಲ್ಲ. ಇನ್ನೊಂದು ತಿಂಗಳಲ್ಲಿ ರೇಸ್. ಅತ್ತ ಲ್ಯಾಂಡಿ ಯಾವಾಗ ಬೇಕಾದರೂ ದಾಖಲೆ ಮಾಡಬಹುದು. ಇಂಥ ಹೊತ್ತಿನಲ್ಲಿ ನಮ್ಮ ಹುಡುಗರು ಏನು ಮಾಡುತ್ತಾರೆ? ಬೆಳಗ್ಗೆ ಒಂದು ಸಲ ಓಡುವವರು ಸಂಜೆಯೂ ಓಡುತ್ತಾರೆ, ಮೊಳಕಾಲು ಊದಿಸಿಕೊಳ್ಳುತ್ತಾರೆ. ಬ್ಯಾನಿಸ್ಟರ್ ಮತ್ತು ಬ್ರಾಷರ್ ಓಡುವುದನ್ನೇ ನಿಲ್ಲಿಸಿದರು. ಕಾರು ಹತ್ತಿ ಸ್ಕಾಟ್‌ಲೆಂಡ್‌ನ ಗ್ಲೆನ್‌ಕೋ ಬೆಟ್ಟಗಳಿಗೆ ಹೋಗಿ ಮೂರ್ನಾಲ್ಕು ದಿನ ಬಂಡೆ ಹತ್ತಿದರು. ವಾಪಸ್ ಬಂದು ಟ್ರ್ಯಾಕಿಗಿಳಿದರೆ ಹತ್ತು ಸುತ್ತಿನ ಸರಾಸರಿ 59. ಬಂಡೆ ಹತ್ತಿದ್ದು ಒಳ್ಳೆಯ ಉಪಾಯ ಎಂದು ನಾವು ಹೇಳುತ್ತಿಲ್ಲ, ಕೈಕಾಲು ಮುರಿದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ದಣಿದ ಕಾಲಿಗೆ ಬೇಕಿದ್ದದ್ದು ಓಟದಿಂದ ರಜೆ.

ರೇಸ್ ದಿನ, ಮೇ 6, ಗುರುವಾರ. ಬೆಳಗ್ಗೆ ಆಸ್ಪತ್ರೆಗೆ ಹೋಗಿ, ಅಲ್ಲಿನ ಲ್ಯಾಬಿನ ಸಾಣೆಕಲ್ಲಿನಲ್ಲಿ ಶೂ ಮೊಳೆಗಳನ್ನು ಹರಿತ ಮಾಡಿಕೊಂಡು, ಟ್ರ್ಯಾಕಿನ ಬೂದಿ ಅಂಟದಿರಲಿ ಎಂದು ಗ್ರಾಫೈಟ್ ಸವರಿದ. ಆಕ್ಸ್‌ಫರ್ಡ್‌ಗೆ ರೈಲು ಹತ್ತಿದ. ಅದೇ ರೈಲಿನಲ್ಲಿ ಸ್ಟಾಂಪ್ಲ್ ಸಿಕ್ಕರು. ಹೊರಗೆ ವಿಪರೀತ ಗಾಳಿ. ಇಂಥ ಗಾಳಿಯಲ್ಲಿ ಆಗುತ್ತದಾ ಎಂಬ ಪ್ರಶ್ನೆಗೆ ಸ್ಟಾಂಪ್ಲ್ ಕೊಟ್ಟ ಉತ್ತರವೂ ಲೆಕ್ಕದ್ದೇ: ನಿನ್ನಲ್ಲಿ 3 ನಿಮಿಷ 56 ಸೆಕೆಂಡಿನ ಓಟ ಇದೆ, ಗಾಳಿ ಒಂದಷ್ಟು ತಿಂದರೂ ನಾಲ್ಕಕ್ಕೆ ಸಾಕು.

ಇಫ್ಲಿ ರೋಡ್ ಮೈದಾನದಲ್ಲಿ ಕೊನೇ ಗಳಿಗೆವರೆಗೂ ಓಡುವುದೋ ಬೇಡವೋ ಎಂದಿತ್ತು. ಎದುರಿನ ಚರ್ಚ್ ಗೋಪುರದ ಬಾವುಟ ಸ್ವಲ್ಪ ಇಳಿಬಿದ್ದದ್ದು ಕಂಡು ಹೂಂ ಎಂದ. ಸಂಜೆ ಆರಕ್ಕೆ ಓಟ. ಬ್ರಾಷರ್ ಗಡಿಬಿಡಿಯಲ್ಲಿ ಒಮ್ಮೆ ಮುಂಚೆಯೇ ಹೊರಟು ಎಲ್ಲರೂ ವಾಪಸ್ ಬರಬೇಕಾಯಿತು. ಮೊದಲೆರಡು ಸುತ್ತು ಬ್ರಾಷರ್ ಮುಂದೆ. ಐದು ದಿನ ವಿಶ್ರಾಂತಿ ಪಡೆದಿದ್ದ ಬ್ಯಾನಿಸ್ಟರ್‌ಗೆ ಕಾಲು ಹಗುರ, ವೇಗ ಸಾಲದೆಂದು ಹಿಂದಿನಿಂದ ಕೂಗಿದ. ಬ್ರಾಷರ್ ಕಿವಿಗೆ ಹಾಕಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಆ ಸುತ್ತು 57.5 ಸೆಕೆಂಡ್, ಬೇಕಾದದ್ದಕ್ಕಿಂತ ಜೋರೇ ಇತ್ತು. ಅರ್ಧ ಮೈಲಿ 1 ನಿಮಿಷ 58.2. ಆಮೇಲೆ ಚಾಟವೇ ಮುಂದೆ ಬಂದ. ಮೂರು ಸುತ್ತು ಮುಗಿದಾಗ 3 ನಿಮಿಷ ದಾಟಿ ಅರ್ಧ ಸೆಕೆಂಡ್. ಕೊನೇ ಸುತ್ತಿಗೆ 59 ಬೇಕು. ಕೊನೆಯ ಇನ್ನೂರು ಚಿಲ್ಲರೆ ಮೀಟರ್ ಇರುವಾಗ ಬ್ಯಾನಿಸ್ಟರ್ ಚಾಟವೇಯನ್ನು ದಾಟಿ ಓಡಿದ. 3 ನಿಮಿಷ 59.4 ಸೆಕೆಂಡ್. ಮೈಕಿನಲ್ಲಿ "ಮೂರು" ಎಂಬ ಶಬ್ದ ಬಂದದ್ದೇ ತಡ, ಉಳಿದ ಅಂಕಿ ಯಾರಿಗೂ ಕೇಳಿಸಲಿಲ್ಲ.

ಇಬ್ಬರು ಗೆಳೆಯರು ವೇಗ ಹಾಕಿಕೊಟ್ಟದ್ದು ಮೋಸ ಎಂದು ಆಗಲೂ ಗೊಣಗಿದವರಿದ್ದರು. ಆಗಸ್ಟ್ 7ರಂದು ಕೆನಡಾದ ವ್ಯಾಂಕೂವರ್‌ನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಅಲ್ಲಿ ಸಹಾಯ ಇಲ್ಲ, ಎದುರಿಗೆ ಲ್ಯಾಂಡಿ. ಕೊನೇ ತಿರುವಿನಲ್ಲಿ ಲ್ಯಾಂಡಿ ಎಡಕ್ಕೆ ತಿರುಗಿ ನೋಡಿದ, ಬ್ಯಾನಿಸ್ಟರ್ ಬಲಗಡೆಯಿಂದ ದಾಟಿದ. 3:58.8. ಆ ತಿಂಗಳ ಕೊನೆಗೆ ಯುರೋಪಿನ 1500 ಮೀಟರ್ ಚಿನ್ನವನ್ನೂ ಗೆದ್ದು, ವರ್ಷಾಂತ್ಯಕ್ಕೆ ಓಟ ಬಿಟ್ಟ. ಮುಂದೆ ನರರೋಗ ತಜ್ಞನಾಗಿ ದುಡಿದ, 2018ರಲ್ಲಿ ತೀರಿಕೊಂಡ.

ಅದೇ ಮೇ ತಿಂಗಳಲ್ಲಿ ಇಂಗ್ಲೆಂಡ್‌ನಲ್ಲೇ ಇನ್ನೊಂದು ಮೈಲಿ ಓಡಲಾಯಿತು. ಭಾಷಣದವರು ಅದರ ಹೆಸರೆತ್ತುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ರಸಾಯನಶಾಸ್ತ್ರದ ಕೆಲಸದಲ್ಲಿದ್ದ ಡಯೇನ್ ಲೆದರ್ 1952ರ ಒಲಿಂಪಿಕ್ಸ್ ನೋಡಿದ ಮೇಲೆ ಓಟಕ್ಕಿಳಿದವಳು. 1954ರ ಮೇ 26ರಂದು ಆಕೆ ಮೈಲಿಯನ್ನು 5 ನಿಮಿಷ 0.2 ಸೆಕೆಂಡಿಗೆ ಓಡಿದಳು. ಐದಕ್ಕೆ ಕೂದಲೆಳೆ ದೂರ. ಮೂರೇ ದಿನ ಬಿಟ್ಟು, ಮೇ 29ಕ್ಕೆ, 4 ನಿಮಿಷ 59.6 ಸೆಕೆಂಡ್. ಮೈಲಿಯನ್ನು ಐದು ನಿಮಿಷದೊಳಗೆ ಓಡಿದ ಮೊದಲ ಹೆಣ್ಣು. ಬ್ಯಾನಿಸ್ಟರ್ ಓಟಕ್ಕೆ 23 ದಿನ ಕಳೆದಿತ್ತು.

ಲೋಕ ಕುಣಿಯಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆ ಹೆಂಗಸರ ಮೈಲಿಯನ್ನು ವಿಶ್ವದಾಖಲೆ ಎಂದು ಒಪ್ಪಲು ಶುರು ಮಾಡಿದ್ದೇ 1967ರಲ್ಲಿ. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 200 ಮೀಟರ್‌ಗಿಂತ ದೂರದ ಓಟವೇ ಇರಲಿಲ್ಲ. ಹೆಣ್ಣು ದೇಹ ತಾಳದು ಎಂಬ ವಾದ. ಮುರಿಯಲು ನಿಜಕ್ಕೂ ಒಂದು ಗೋಡೆ ಇದ್ದದ್ದು ಇಲ್ಲಿ, ಆ ಗೋಡೆ ಕಟ್ಟಿದ್ದು ಕಮಿಟಿಗಳು. ಲೆದರ್ 1955ಕ್ಕೆ ತನ್ನ ಸಮಯವನ್ನು 4 ನಿಮಿಷ 45ಕ್ಕೆ ಇಳಿಸಿದಳು. ಯಾರೂ ಬರೆದುಕೊಳ್ಳದ ದಾಖಲೆಯನ್ನು ತಾನೇ ಮತ್ತೆ ಮತ್ತೆ ಮುರಿದಳು. 800 ಮೀಟರ್ ಒಲಿಂಪಿಕ್ಸ್‌ಗೆ ವಾಪಸ್ ಬಂದದ್ದು 1960ರಲ್ಲಿ, ರೋಮ್‌ನಲ್ಲಿ. ಆಕೆ ಅಲ್ಲಿ ಓಡಿದಳು, ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಆಕೆಯ ಒಳ್ಳೆಯ ವರ್ಷಗಳು ಕಳೆದಿದ್ದವು.

ನಮ್ಮ ರಾಜ್ಯದ ಕಾನ್‌ಸ್ಟೆಬಲ್ ಭರ್ತಿಯಲ್ಲಿ ಹೆಣ್ಣುಮಕ್ಕಳಿಗೆ ಇಂದಿಗೂ 400 ಮೀಟರ್, 2 ನಿಮಿಷ. ಒಂದು ಸುತ್ತು. ಅದೇ ರಸ್ತೆಯಲ್ಲಿ ಗಂಡುಹುಡುಗರ ಪಕ್ಕ ನಾಲ್ಕು ಸುತ್ತಿನ ದೂರ ಆರಾಮಾಗಿ ಓಡುವ ಹುಡುಗಿಯರನ್ನು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಬೆಳಗ್ಗೆ ನೋಡಿದ್ದೇವೆ.

ಲೆಕ್ಕ ಹಾಕಿಕೊಳ್ಳುವವರಿಗೆ: 6 ನಿಮಿಷ 30 ಸೆಕೆಂಡ್ ಎಂದರೆ 400 ಮೀಟರ್ ಸುತ್ತಿಗೆ 97 ಸೆಕೆಂಡಿಗೆ ಅರ್ಧ ಸೇರಿಸಿ. 5 ನಿಮಿಷ 30 ಎಂದರೆ ಸುತ್ತಿಗೆ 82 ಮತ್ತು ಅರ್ಧ. ಮೊದಲ ಸುತ್ತನ್ನೇ 75ಕ್ಕೆ ಓಡಿ ಮೂರನೆಯದರಲ್ಲಿ ಹೊಟ್ಟೆ ಹಿಡಿದುಕೊಂಡು ನಿಲ್ಲುವುದನ್ನು ಪ್ರತಿ ಭರ್ತಿಯಲ್ಲೂ ಕಾಣುತ್ತೇವೆ. ಬ್ಯಾನಿಸ್ಟರ್ ಆಕ್ಸ್‌ಫರ್ಡ್‌ನಲ್ಲಿ ಉಸಿರಾಟದ ಮೇಲೆ ಸಂಶೋಧನೆ ಮಾಡಿ, ಟ್ರೆಡ್‌ಮಿಲ್ ಮೇಲೆ ತಾನೇ ಓಡಿ ನೋಡಿದವನು. ಒಂದೇ ಸಮ ವೇಗದಲ್ಲಿ ಓಡಿದರೆ ದೇಹಕ್ಕೆ ಖರ್ಚು ಕಮ್ಮಿ ಎಂಬುದು ಆತನಿಗೆ ಗೊತ್ತಿತ್ತು. ಅದಕ್ಕೇ ಎರಡು ಗೆಳೆಯರ ಆ ವ್ಯವಸ್ಥೆ.

ಆ ಗೆಳೆಯರೂ ಅಲ್ಲಿಗೆ ನಿಲ್ಲಲಿಲ್ಲ. ಚಾಟವೇ ಅದೇ ವರ್ಷ ಅಕ್ಟೋಬರ್‌ನಲ್ಲಿ ರಷ್ಯಾದ ವ್ಲಾದಿಮಿರ್ ಕುಟ್ಸ್‌ನನ್ನು ಸೋಲಿಸಿ 5000 ಮೀಟರ್ ವಿಶ್ವದಾಖಲೆ ಮಾಡಿದ. ಮೂವರಲ್ಲಿ ಎಲ್ಲರಿಗಿಂತ ನಿಧಾನಿ ಎನಿಸಿಕೊಂಡಿದ್ದ ಬ್ರಾಷರ್ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಚಿನ್ನ ಗೆದ್ದ. ಮೊದಲು ಅನರ್ಹ ಎಂದರು, ಆಮೇಲೆ ಮರಳಿ ಕೊಟ್ಟರು. ಮೂವರಲ್ಲಿ ಒಲಿಂಪಿಕ್ ಪದಕ ಸಿಕ್ಕಿದ್ದು ಅವನೊಬ್ಬನಿಗೇ.

ಅದೇ ಬ್ರಾಷರ್ 1979ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬಂದು, ಗುಮಾಸ್ತರು, ಬಸ್ ಡ್ರೈವರ್‌ಗಳು, ಮನೆವಾರ್ತೆಯ ಹೆಂಗಸರು ಎಲ್ಲ ಒಟ್ಟಿಗೆ ಓಡುವಂಥದ್ದು ಲಂಡನ್ನಿನಲ್ಲೂ ಆಗಬೇಕೆಂದು ಹಟ ಹಿಡಿದ. ಗೆಳೆಯ ಜಾನ್ ಡಿಸ್ಲಿ ಜೊತೆ ಸೇರಿ 1981ರ ಮಾರ್ಚ್ 29ರಂದು ಮೊದಲ ಲಂಡನ್ ಮ್ಯಾರಥಾನ್ ನಡೆಸಿದ. ಆವತ್ತು ಮಳೆ. ಅಮೆರಿಕದ ಡಿಕ್ ಬಿಯರ್ಡ್‌ಸ್ಲಿ, ನಾರ್ವೆಯ ಇಂಗೆ ಸಿಮೊನ್ಸನ್ ಇಬ್ಬರೂ ಕೈ ಕೈ ಹಿಡಿದು ಗೆರೆ ದಾಟಿ ಮೊದಲ ಸ್ಥಾನ ಹಂಚಿಕೊಂಡರು. ಅವರ ಹಿಂದೆ ಆರು ಸಾವಿರಕ್ಕೂ ಹೆಚ್ಚು ಜನ ಒದ್ದೆ ಬಟ್ಟೆಯಲ್ಲಿ ಓಟ ಮುಗಿಸಿದರು. ಅವರಲ್ಲಿ 52 ವರ್ಷದ ಬ್ರಾಷರ್ ಕೂಡ ಇದ್ದ, ಮೂರು ಗಂಟೆಯೊಳಗೆ.